ಮೊದಲ ಸಲ ಗೋಸುಂಬೆ ಸಾಕುವವರಿಗೆ

ಚಿಕ್ಕಮಗಳೂರಿನ ಗೆಳೆಯರೇ, ಮೊದಲೇ ಹೇಳಿಬಿಡುತ್ತೇನೆ. ತೋಟದಲ್ಲಿ, ಬೇಲಿ ಮೇಲೆ ಕಾಣುವ ನಮ್ಮ ಗೋಸುಂಬೆಯನ್ನು ದಯವಿಟ್ಟು ಹಿಡಿಯಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಪಾಪ, ಅದು ಅಲ್ಲೇ ಚೆನ್ನಾಗಿರುತ್ತದೆ.

ಸಾಕುವುದಾದರೆ ಸಾಕಣೆಯಲ್ಲೇ ಹುಟ್ಟಿದ ಯೆಮೆನ್ ಕಡೆಯ ವೇಲ್ಡ್ (veiled) ಜಾತಿಯ ಗೋಸುಂಬೆ ನೋಡಿ. ಕಾಗದಪತ್ರ ಕೇಳಿ ಪಡೆಯಿರಿ. ಇಂಥ ವಿದೇಶಿ ಪ್ರಾಣಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮೊದಲ ಸಲಕ್ಕೆ ಗಂಡೇ ವಾಸಿ. ಹೆಣ್ಣು, ಗಂಡಿನ ಜೊತೆಯಿಲ್ಲದೆಯೂ ಮೊಟ್ಟೆ ಇಡುತ್ತದೆ, ಆಗ ಆರೈಕೆ ಕಷ್ಟ. ಗಂಡಿಗೆ ಹಿಂಗಾಲಿನ ಹಿಮ್ಮಡಿಯಲ್ಲಿ ಸಣ್ಣ ಮುಳ್ಳಿನಂಥದ್ದು ಇರುತ್ತದೆ. ಕಣ್ಣು ಗುಳಿಬಿದ್ದಿದ್ದರೆ, ಹಗಲಲ್ಲೂ ಮುಚ್ಚಿಕೊಂಡಿದ್ದರೆ ತರಬೇಡಿ.

ಮರಿ ತರುವ ಮುಂಚೆಯೇ ಗೂಡು ಸಿದ್ಧವಿರಲಿ. ಗಾಜಿನ ಪೆಟ್ಟಿಗೆಗಿಂತ ಜಾಲರಿಯದ್ದು ಒಳ್ಳೆಯದು. ಸುಮಾರು 2 ಅಡಿ ಅಗಲ, 4 ಅಡಿ ಎತ್ತರ. ಒಂದು ಗೂಡಿಗೆ ಒಂದೇ ಗೋಸುಂಬೆ. ಒಳಗೆ ಅಡ್ಡಡ್ಡ ಕೊಂಬೆ, ದಾಸವಾಳದ ಗಿಡ ಇಡಿ. ಬಿಸಿಲು ಕಾಯುವ ಜಾಗ 30 ಡಿಗ್ರಿ ಆಸುಪಾಸು ಇರಲಿ. ಯುವಿಬಿ ದೀಪ (ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಕೊಡುವ ದೀಪ) ದಿನಕ್ಕೆ 12 ಗಂಟೆ ಬೇಕೇ ಬೇಕು, ಇಲ್ಲದಿದ್ದರೆ ಮೂಳೆ ಸೊಟ್ಟಗಾಗುತ್ತದೆ.

ಇದು ಬಟ್ಟಲಿನ ನೀರು ಕುಡಿಯುವುದಿಲ್ಲ. ಎಲೆ ಮೇಲಿನ ಹನಿ ನೆಕ್ಕುತ್ತದೆ, ಹಾಗಾಗಿ ದಿನಕ್ಕೆರಡು ಸಲ ನೀರು ಸಿಂಪಡಿಸಿ. ಆದರೆ ನಮ್ಮ ಮಳೆಗಾಲದಲ್ಲಿ ಗಾಳಿಯೇ ಒದ್ದೆ ಅಲ್ವಾ? ಆಗ ಕಡಿಮೆ ಮಾಡಿ. ಗೂಡು ದಿನಾ ಒಂದಿಷ್ಟು ಹೊತ್ತು ಒಣಗಲೇಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿದು ಶ್ವಾಸಕೋಶದ ಸೋಂಕು ಬರುತ್ತದೆ.

ತಿನ್ನಲು, ಸಾಕಿದ ಜೀರುಂಡೆಗೆ (ಕ್ರಿಕೆಟ್ ಹುಳಕ್ಕೆ) ಕ್ಯಾಲ್ಸಿಯಂ ಪುಡಿ ಸವರಿ ಕೊಡಿ. ಕಾಫಿ ತೋಟದ ಹುಳ ಮಾತ್ರ ಬೇಡ, ಅದರ ಮೇಲೆ ಔಷಧಿ ಹೊಡೆದಿರಬಹುದು.