ಕೊಲೆ ಮಾಡಿದ್ದು ಯಾರು ಅಂತ ನಾನೇ ಹೇಳಿಬಿಟ್ಟೆ

ನನ್ನದು ಸಬ್‌ಟೈಟಲ್ ಬರೆಯುವ ಕೆಲಸ. ಇಂಗ್ಲಿಷ್ ಸರಣಿಗಳಿಗೆ ಕನ್ನಡದಲ್ಲಿ ಎರಡೆರಡು ಸಾಲು. ಸೇರಿದ ಹೊಸತರಲ್ಲಿ ಎಂಟು ಕಂತಿನ ಒಂದು ಪತ್ತೇದಾರಿ ಸರಣಿ ಬಂತು. ಎರಡನೇ ಕಂತಿನಲ್ಲಿ ಮುಖ ಮುಚ್ಚಿಕೊಂಡ ಯಾರೋ ಕತ್ತಲಲ್ಲಿ ನಿಂತು ಫೋನಿನಲ್ಲಿ ಬೆದರಿಸುತ್ತಾರೆ. ಕಿವಿ ಕೇಳದವರೂ ನೋಡುತ್ತಾರಲ್ಲ, ಅವರಿಗಾಗಿ ಯಾರ ಮಾತು ಅಂತ ಕಂಸದಲ್ಲಿ ಹೆಸರು ಹಾಕಬೇಕು. ನನಗೆ ಕೊಟ್ಟಿದ್ದ ಸ್ಕ್ರಿಪ್ಟಿನಲ್ಲಿ ಆ ಪಾತ್ರದ ನಿಜವಾದ ಹೆಸರೇ ಇತ್ತು. ಅದನ್ನೇ ಹಾಕಿದೆ. ಎಂಟನೇ ಕಂತಿನಲ್ಲಿ ಒಡೆಯಬೇಕಾದ ಗುಟ್ಟು ಎರಡನೇ ಕಂತಿನಲ್ಲೇ ಒಡೆದುಹೋಯಿತು.

ತಿದ್ದುವ ಮೇಡಂ ಫೋನ್ ಮಾಡಿದರು. "ಏನ್ರೀ ಇದು, ಕೊಲೆ ಮಾಡಿದ್ದು ಅತ್ತಿಗೆ ಅಂತ ನೀವೇ ಹೇಳಿಬಿಟ್ರಲ್ಲ!"

ಪುಣ್ಯಕ್ಕೆ ಫೈಲ್ ಇನ್ನೂ ಹೊರಗೆ ಹೋಗಿರಲಿಲ್ಲ. ಹೆಸರಿದ್ದ ಕಡೆಯೆಲ್ಲ 'ಮುಖವಾಡ ಹಾಕಿದವನು' ಅಂತ ಬದಲಾಯಿಸಿ ಕಳಿಸಿದೆ. ಅದೂ ವಾಪಸ್ ಬಂತು. ಕೆಳಗೆ ಎರಡು ಪ್ರಶ್ನೆ: ಅದು ಮುಖವಾಡಾನಾ? 'ಅವನು' ಅಂತ ಯಾಕೆ?

ಮೊದಲನೆಯದಕ್ಕೆ ಉತ್ತರ ಹುಡುಕುತ್ತಾ ದೃಶ್ಯವನ್ನು ಇನ್ನೊಮ್ಮೆ ನೋಡಿದೆ. ಇದ್ದದ್ದು ಕಪ್ಪು ಬಟ್ಟೆ, ಕಣ್ಣಿಗೆ ಎರಡು ತೂತು. ಮುಖವಾಡ ಅಂದರೆ ಇನ್ನೊಂದು ಮುಖ. ಅದಕ್ಕೆ ಮೂಗು, ಬಾಯಿ, ಬಣ್ಣ ಎಲ್ಲ ಇರುತ್ತವೆ. ತುಮಕೂರು ಕಡೆ ಸೋಮನ ಕುಣಿತದಲ್ಲಿ ಮರದ ದೊಡ್ಡ ಮುಖ ಹೊತ್ತು ಕುಣಿಯುತ್ತಾರಲ್ಲ, ಅದು ಮುಖವಾಡ. ನಮ್ಮ ಕರಾವಳಿಯ ಕೋಲದಲ್ಲಿ ಪಂಜುರ್ಲಿ ದೈವದ ಲೋಹದ ಮುಖವನ್ನು ತುಳುವಿನಲ್ಲಿ ಮೊಗ ಅನ್ನುತ್ತಾರೆ, ಅದೂ ಇದೇ ಜಾತಿ. ನಮ್ಮೂರ ದೇವಸ್ಥಾನದಲ್ಲಿ ಲಿಂಗಕ್ಕೆ ಬೆಳ್ಳಿ ಮುಖವಾಡ ಹಾಕಿದ ದಿನ ಅಜ್ಜಿ, "ಇವತ್ತು ದೇವರ ಮುಖ ಚಂದ ಕಾಣ್ತದೆ" ಅನ್ನುತ್ತಿದ್ದರು. ನೋಡಿ, ಮುಚ್ಚಿದ ದಿನವೇ ಮುಖ ಕಾಣುವುದು! ನನ್ನ ಅತ್ತಿಗೆ ಹಾಕಿದ್ದರಲ್ಲಿ ಇನ್ನೊಂದು ಮುಖ ಇರಲಿಲ್ಲ. ಅದು ಬರೀ ಮುಸುಕು. ಹಾಗಾಗಿ 'ಮುಸುಕುಧಾರಿ'. ಪೇಪರಿನಲ್ಲಿ ದಿನಾ ಓದುವ ಪದ, ನನಗೇ ಹೊಳೆದಿರಲಿಲ್ಲ.

ಎರಡನೇ ಪ್ರಶ್ನೆ ನನ್ನನ್ನು ಒಂದು ವಾರ ಕಾಡಿತು. ಇಂಗ್ಲಿಷಿನ ಪೊಲೀಸರು ಗಂಡೋ ಹೆಣ್ಣೋ ಹೇಳದೆ ಎಂಟು ಕಂತೂ ಮಾತಾಡಿ ಪಾರಾಗಿದ್ದರು. ಕನ್ನಡದಲ್ಲಿ ಅದು ಅಷ್ಟು ಸುಲಭ ಅಲ್ಲ. 'ನಾನು ಬಂದೆ', 'ನೀನು ಬಂದೆ' ಅನ್ನುವವರೆಗೆ ಏನೂ ತೊಂದರೆ ಇಲ್ಲ. ಎದುರಿಗಿಲ್ಲದವರ ಮಾತು ಬಂದ ಕೂಡಲೆ ಕ್ರಿಯಾಪದ ಬಾಯಿಬಿಡುತ್ತದೆ: ಬಂದ, ಬಂದಳು. ವ್ಯಕ್ತಿ ಅಂತ ಬರೆದರೆ 'ವ್ಯಕ್ತಿ ಓಡಿತು' ಅನ್ನಬೇಕಾಗುತ್ತದೆ, ಕರು ಓಡಿದ ಹಾಗೆ. ಮರ್ಯಾದೆ ಕೊಟ್ಟು 'ಕೊಲೆಗಾರರು ತಪ್ಪಿಸಿಕೊಂಡರು' ಅಂತ ಬರೆದೆ. ಮೇಡಂ ಪಕ್ಕದಲ್ಲಿ ಬರೆದರು: "ಎಷ್ಟು ಜನ?"

ಕೊನೆಗೆ ಕೈಹಿಡಿದದ್ದು 'ಬಂದದ್ದು', 'ಹೊಡೆದದ್ದು', 'ಓಡಿದ್ದು'. ಚಾಕು ಹಾಕಿದ್ದು ಯಾರು? ಗೇಟು ಹಾರಿದ್ದು ಯಾವ ಕಡೆಗೆ? ಫೋನ್ ಮಾಡಿದ್ದು ಎಲ್ಲಿಂದ? ಇದರಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಕೇಳುವವರಿಗೂ ಸಹಜ, ನಮ್ಮ ಪೊಲೀಸರೂ ಹೀಗೇ ಕೇಳುತ್ತಾರೆ ಅಲ್ವಾ? ಎಂಟು ಕಂತಿನಲ್ಲಿ ಮುಸುಕುಧಾರಿಯ ಬಗ್ಗೆ ಇದ್ದ ಒಂದೊಂದು ಸಾಲನ್ನೂ ಹೀಗೆ ತಿರುಗಿಸಿದೆ. ಮುಸುಕು ಹಾಕಿದ್ದು ಅತ್ತಿಗೆಯ ಮುಖಕ್ಕಲ್ಲ, ಕ್ರಿಯಾಪದಕ್ಕೆ.

ಅಲ್ಲಿಂದ ಒಂದು ನೋಟ್‌ಬುಕ್ ಶುರು ಮಾಡಿದೆ. ಒಂದು ಕಡೆ ಪದ, ಅದರ ಎದುರು ಅರ್ಥ ಬರೆಯುವ ಬದಲು ಒಂದೇ ಪ್ರಶ್ನೆ: ಯಾರಿಗೆ ಗೊತ್ತಿಲ್ಲ?

ಈ ಪ್ರಶ್ನೆ ನನಗೆ ಸಿಕ್ಕಿದ್ದು ಯಕ್ಷಗಾನದಿಂದ. ನಾನು ಪುತ್ತೂರು ಕಡೆಯವನು. ಚಿಕ್ಕಂದಿನಲ್ಲಿ ಆಟಕ್ಕೆ ಹೋದರೆ ಅರ್ಧ ಹೊತ್ತು ಚೌಕಿಯಲ್ಲೇ, ಅಂದರೆ ವೇಷ ತಯಾರಾಗುವ ಕೋಣೆಯಲ್ಲೇ, ಇರುತ್ತಿದ್ದೆ. ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಕನ್ನಡಿ ಮುಂದೆ ಕೂತು, ಅಕ್ಕಿ ಹಿಟ್ಟು ಸುಣ್ಣ ಕಲಸಿದ ಚುಟ್ಟಿಯನ್ನು ಕಡ್ಡಿಯಲ್ಲಿ ಒಂದೊಂದೇ ಚುಕ್ಕೆ ಇಡುತ್ತಾ ಹೋಗುತ್ತಿದ್ದರು. ಚುಕ್ಕೆಯ ಮೇಲೆ ಚುಕ್ಕೆ ಕೂತು ಮುಳ್ಳಿನ ಹಾಗೆ ಏಳಬೇಕು. ಗಂಟೆಗಟ್ಟಲೆ ಕೆಲಸ. ನಾನು ಏನಾದರೂ ಕೇಳಿದರೆ ಕಣ್ಣಲ್ಲೇ ಉತ್ತರ. ಒಂದು ಸಲ ಮಾತ್ರ, ಬಣ್ಣ ಶುರು ಮಾಡುವ ಮೊದಲು, ಒಬ್ಬರು ನನ್ನನ್ನು ತಿದ್ದಿದ್ದರು. "ವೇಷ ಹಾಕುವುದಲ್ಲ ಮಾರಾಯ, ವೇಷ ಮಾಡುವುದು."

ಪಂಚವಟಿಯ ಆಟದಲ್ಲಿ ಶೂರ್ಪನಖಿಯರು ಇಬ್ಬರು. ಘೋರ ಶೂರ್ಪನಖಿ ಬಣ್ಣದ ವೇಷ. ರಾಮನ ಎದುರು ಸುಂದರಿಯಾಗಿ ಬರುವವಳು ಮಾಯಾ ಶೂರ್ಪನಖಿ, ಅದು ಸ್ತ್ರೀವೇಷ. ಕಲಾವಿದರೂ ಬೇರೆ ಬೇರೆ. ಒಬ್ಬರು ಒಳಗೆ ಹೋಗಿ ಇನ್ನೊಬ್ಬರು ಬಂದಾಗ ನನ್ನ ಅಜ್ಜಿ ಒಂದು ದಿನವೂ "ಇದು ಯಾರು?" ಅಂತ ಕೇಳಿದವರಲ್ಲ. ಮೋಸ ಮಾಡಬೇಕಾದದ್ದು ರಂಗಸ್ಥಳದಲ್ಲಿರುವವರಿಗೆ, ಚಾಪೆಯ ಮೇಲೆ ಕೂತವರಿಗಲ್ಲ.

ಈ ಲೆಕ್ಕದಲ್ಲಿ ನೋಡಿದರೆ ಪದಗಳು ತಾವಾಗಿ ಬೇರೆ ಬೇರೆ ಆದವು. ಮಾರುವೇಷದಲ್ಲಿ ಊರು ಸುತ್ತುವ ರಾಜ ಯಾರೆಂದು ನಮಗೆ ಗೊತ್ತು, ಊರಿಗೆ ಗೊತ್ತಿಲ್ಲ. ಮುಸುಕುಧಾರಿ ಏನೋ ಮುಚ್ಚಿಕೊಂಡಿರುವುದು ಎಲ್ಲರಿಗೂ ಗೊತ್ತು, ಯಾರು ಅನ್ನುವುದು ಯಾರಿಗೂ ಗೊತ್ತಿಲ್ಲ. ಛದ್ಮ ಅಂದರೆ ಕಪಟ, ಆದರೆ ಶಾಲೆಯ ಛದ್ಮವೇಷ ಸ್ಪರ್ಧೆಯಲ್ಲಿ ಅಳುತ್ತಾ ನಿಂತ ಗಾಂಧಿತಾತ ಯಾರ ಮನೆ ಮಗು ಅಂತ ಗೊತ್ತಿಲ್ಲದವರು ಯಾರೂ ಇಲ್ಲ.

ನನಗೆ ತುಂಬಾ ಇಷ್ಟದ ಜೋಡಿ ಸೋಗು ಮತ್ತು ಮಫ್ತಿ. ಕಳ್ಳ ಪೊಲೀಸಿನವನಂತೆ ಬಂದರೆ 'ಪೊಲೀಸ್ ಸೋಗಿನಲ್ಲಿ'. ಪೊಲೀಸಿನವರು ಮಾಮೂಲಿ ಪ್ಯಾಂಟು ಶರ್ಟಿನಲ್ಲಿ ಬಂದರೆ 'ಮಫ್ತಿಯಲ್ಲಿ'. ಇಬ್ಬರೂ ಮುಚ್ಚಿಡುತ್ತಿದ್ದಾರೆ, ಆದರೆ ಅದಲುಬದಲು ಮಾಡಿದರೆ ಕೇಸೇ ತಲೆಕೆಳಗು. ಸೋಗಿನಲ್ಲಿ ಇನ್ನೊಂದು ಅಪಾಯ ಇದೆ. ಸೋಗು ಅಂದ ಕೂಡಲೆ ಅದು ಸಿಕ್ಕಿಬಿದ್ದ ಹಾಗೆ. ನಾಲ್ಕನೇ ಕಂತಿನಲ್ಲಿ ಒಬ್ಬಳು ನರ್ಸ್ ಬಟ್ಟೆಯಲ್ಲಿ ವಾರ್ಡಿಗೆ ಬರುತ್ತಾಳೆ. ನೋಡಿದವನು ಆಗಲೇ 'ನರ್ಸ್ ಸೋಗಿನಲ್ಲಿ' ಅಂದರೆ ಮತ್ತೆ ಅದೇ ಎಡವಟ್ಟು. ಅವನಿಗೆ ಬರೀ ಅನುಮಾನ, ಆದ್ದರಿಂದ 'ನರ್ಸ್ ಡ್ರೆಸ್ಸಿನಲ್ಲಿ ಒಬ್ಬಳು'. ಸೋಗು ಬಂದದ್ದು ಆರನೇ ಕಂತಿನಲ್ಲಿ, ಅವಳನ್ನು ಹಿಡಿದ ಮೇಲೆ.

ಹೆಸರು ಬದಲಾಯಿಸಿಕೊಂಡು ಬೇರೆ ಊರಿನ ಹೋಟೆಲಿನಲ್ಲಿ ಅಡುಗೆಗೆ ಸೇರಿದ್ದ ಸಾಕ್ಷಿಯೊಬ್ಬಳಿದ್ದಳು. ಮೊದಲು 'ತಲೆಮರೆಸಿಕೊಂಡಿದ್ದಾಳೆ' ಅಂತ ಬರೆದಿದ್ದೆ. ಛೇ, ತಲೆಮರೆಸಿಕೊಳ್ಳುವುದು ಆರೋಪಿ! 'ಅಜ್ಞಾತವಾಸ' ಅಂತ ತಿದ್ದಿದೆ. ವಿರಾಟನ ಅಡುಗೆಮನೆಯಲ್ಲಿ ವಲಲನಾಗಿ ಸೌಟು ಹಿಡಿದ ಭೀಮ ಗೊತ್ತಿರುವವರಿಗೆ ಬೇರೆ ವಿವರಣೆ ಬೇಡ.

ಹೆಸರು ಮುಚ್ಚಿಡುವ ಪದಗಳೇ ಒಂದು ಪುಟ ಆಗಿವೆ. ಸಹಿ ಇಲ್ಲದ ದೂರಿಗೆ ಸರ್ಕಾರಿ ಕಚೇರಿಗಳಲ್ಲಿ ಮೂಗರ್ಜಿ ಅನ್ನುತ್ತಾರೆ. ಎಷ್ಟು ಒಳ್ಳೆಯ ಪದ! ಬೇನಾಮಿ ಆಸ್ತಿಗೆ ಹೆಸರಿದೆ, ಅದು ಬೇರೆಯವರದು ಅಷ್ಟೆ. ಕಾವ್ಯನಾಮವನ್ನು ಈ ಪುಟದಿಂದ ಹೊಡೆದು ಹಾಕಿದೆ. ಕುವೆಂಪು ಯಾರು, ಅಂಬಿಕಾತನಯದತ್ತ ಯಾರು ಅಂತ ಯಾರಿಗೆ ಗೊತ್ತಿಲ್ಲ? ಒಬ್ಬರನ್ನು ಮಾತ್ರ ಉಳಿಸಿಕೊಂಡೆ, ಮುದ್ದಣ. 1870ರಲ್ಲಿ ನಂದಳಿಕೆಯಲ್ಲಿ ಹುಟ್ಟಿದವರು, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದವರು. ತಾವೇ ಬರೆದದ್ದನ್ನು ಹಳೆಯ ಕವಿಯ ಕೃತಿ ಎಂಬಂತೆ ಮೈಸೂರಿಗೆ ಅಚ್ಚಿಗೆ ಕಳಿಸಿದರು. ಅವರು ತೀರಿಕೊಂಡದ್ದು 1901ರಲ್ಲಿ. ಗುಟ್ಟು ಬಯಲಾದದ್ದು ಅದಾದ ಮೇಲೆ. ಇವರು ಯಕ್ಷಗಾನ ಪ್ರಸಂಗಗಳನ್ನೂ ಬರೆದವರು, ವೇಷದ ರುಚಿ ಗೊತ್ತಿತ್ತು ಅಂತ ನನ್ನ ಊಹೆ.

ಡಾಕ್ಟರ್ ಹಾಕಿಕೊಳ್ಳುವುದಕ್ಕೆ ಮಾತ್ರ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಮುಖಗವಸು ಚೆಂದದ ಪದವೇ, ಕೈಗವಸಿನ ತಂಗಿ. ಆದರೆ 2020ರಲ್ಲಿ ಪೇಪರು ಮುಖಗವಸು ಅಂತ ಬರೆಯುತ್ತಿದ್ದಾಗಲೂ ತರಕಾರಿ ಗಾಡಿಯವರು ಹೇಳುತ್ತಿದ್ದದ್ದು "ಮಾಸ್ಕ್ ಹಾಕ್ಕೊಳಿ" ಅಂತಲೇ. ಸಾಲಿನಲ್ಲಿ ಜಾಗವೂ ಉಳಿಯುತ್ತದೆ.

ಸರಣಿ ಬಂದ ಮೇಲೆ ಅಮ್ಮನ ಪಕ್ಕ ಕೂತು ನೋಡಿದೆ. ಎರಡನೇ ಕಂತು, ಕತ್ತಲು, ಕಪ್ಪು ಬಟ್ಟೆ, ಕಂಸದಲ್ಲಿ 'ಮುಸುಕುಧಾರಿ'. ನಾನು ಒಳಗೊಳಗೇ ಬೀಗುತ್ತಿದ್ದೆ. ಅಮ್ಮ ಹುರಿಗಡಲೆ ಬಾಯಿಗೆ ಹಾಕಿಕೊಂಡು, "ಇವಳು ಅತ್ತಿಗೆ" ಅಂದರು.

"ಹೇಗೆ ಗೊತ್ತಾಯ್ತು?"

"ಕಾಲು ನೋಡು. ಮೊದಲನೇ ಕಂತಲ್ಲಿ ಹಾಕಿದ್ದ ಅದೇ ಬೂಟ್ಸು."