ಲೋವರ್ ಆರ್ಮ್ ಬುಷ್: ಕೊನೆಯ ಬಿಗಿ ನೆಲದ ಮೇಲೆ

ಹಳೇ ಮಾರುತಿ 800ಕ್ಕೆ ಮುಂದಿನ ಲೋವರ್ ಆರ್ಮ್‌ನ (ಚಕ್ರವನ್ನು ಕಾರಿನ ಬಾಡಿಗೆ ಜೋಡಿಸುವ ಕೆಳಗಿನ ತೋಳು) ಒಳತುದಿಯ ರಬ್ಬರ್ ಬುಷ್, ಅಂದರೆ ಬೋಲ್ಟ್ ಸುತ್ತ ಕೂರುವ ರಬ್ಬರ್ ಕೊಳವೆ, ಬದಲಿಸುವಾಗ, ಕಾರು ಜಾಕ್ ಮೇಲಿದ್ದರೆ ಒಳಬದಿಯ ಬೋಲ್ಟನ್ನು ಕೈಬಿಗಿಯಷ್ಟೇ ಇಡಿ. ಚಕ್ರ ಹಾಕಿ ನೆಲಕ್ಕಿಳಿಸಿ, ಮುಂಭಾಗವನ್ನು ಎರಡು ಮೂರು ಸಲ ಒತ್ತಿ ಬಿಟ್ಟು, ಆಮೇಲೆ ಪೂರ್ತಿ ಬಿಗಿ ಮಾಡಿ. ಈ ಬುಷ್ ಬೇರಿಂಗ್ ಥರ ತಿರುಗುವುದಿಲ್ಲ, ರಬ್ಬರೇ ತಿರುಚಿಕೊಳ್ಳುತ್ತದೆ. ಚಕ್ರ ಜೋತಾಡುವಾಗಲೇ ಬಿಗಿದರೆ, ನೆಲಕ್ಕಿಳಿಸಿದಾಗ ಆರ್ಮ್ ಮೇಲೇಳುವುದರಿಂದ, ಕಾರು ಸುಮ್ನೆ ನಿಂತಿದ್ದರೂ ರಬ್ಬರ್ ಹಿಂಡಿದ ಬಟ್ಟೆಯಂತೆ ಇರುತ್ತದೆ, ಬೇಗ ಹರಿಯುತ್ತದೆ. ಬೈಸಿಕೊಳ್ಳುವವನು ಮಾತ್ರ ಸ್ಪೇರ್ ಪಾರ್ಟ್ಸ್ ಅಂಗಡಿಯವನು! ಆರ್ಮ್‌ನ ಹೊರತುದಿಯಲ್ಲಿ ಚಕ್ರದ ಕಡೆಗಿರುವ ಬಾಲ್ ಜಾಯಿಂಟ್ (ಎಲ್ಲ ಕಡೆ ತಿರುಗುವ ಗುಂಡು ಕೀಲು) ಬೋಲ್ಟ್‌ಗೆ ಇದು ಬೇಡ, ಅದನ್ನು ಕಾರು ಜಾಕ್ ಮೇಲಿದ್ದಾಗಲೇ ಬಿಗಿದುಬಿಡಿ. ಸ್ಲೀವ್ (ಒಳಗಿನ ಲೋಹದ ಕೊಳವೆ) ತಾನೇ ತಿರುಗುವ ಪಾಲಿಯುರೆಥೇನ್ (ರಬ್ಬರಿನಂಥ ಪ್ಲಾಸ್ಟಿಕ್) ಬುಷ್ ಹಾಕಿದ್ದರೂ ನೆಲಕ್ಕಿಳಿಸಿ ಬಿಗಿಯುವುದರಿಂದ ಲಾಭವಿಲ್ಲ. ನೆಲದ ಮೇಲೆ ಸ್ಪ್ಯಾನರ್ ಹೋಗದಿದ್ದರೆ ರ‍್ಯಾಂಪ್ ಹತ್ತಿಸಿ. ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ.