ವಾರ್ಡ್‌ನಲ್ಲಿ ನಿಮ್ಮ ಏರಿಯಾದ ಮಾತು ನಡೆಯಬೇಕಾದರೆ ಏನೇನು ಮಾಡಬೇಕು

ಮೋರಿ ತುಂಬಿದರೆ ಎಂಎಲ್‌ಎಗೆ ಫೋನ್, ಬೀದಿದೀಪ ಕೆಟ್ಟರೂ ಎಂಎಲ್‌ಎಗೆ ಫೋನ್. ಬೆಂಗಳೂರಿನವರಿಗೆ ಇದು ಅಭ್ಯಾಸವೇ ಆಗಿಹೋಗಿದೆ. ತಪ್ಪು ಜನರದ್ದಲ್ಲ ಬಿಡಿ. 2015ರಲ್ಲಿ ಆರಿಸಿ ಬಂದ ಬಿಬಿಎಂಪಿ (ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ) ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್ ಅನ್ನುವವರೇ ಇರಲಿಲ್ಲ. ಆದರೆ ವಾರ್ಡ್ ಗೆರೆಗಳು ಮಾತ್ರ ಸುಮ್ನೆ ಇರಲಿಲ್ಲ: 198 ವಾರ್ಡ್ ಇದ್ದದ್ದು 2022ರಲ್ಲಿ 243 ಆಯಿತು, 2023ರಲ್ಲಿ 225 ಆಯಿತು, 2025ರಲ್ಲಿ ಬಿಬಿಎಂಪಿ ಬದಲು ಐದು ಪಾಲಿಕೆ ಮಾಡಿದ ಮೇಲೆ ಒಟ್ಟು 369.

ಹಾಗಾಗಿ ಮೊದಲ ಕೆಲಸ, ನಿಮ್ಮ ಮನೆ ಈಗ ಯಾವ ಪಾಲಿಕೆ, ಯಾವ ವಾರ್ಡ್ ಅಂತ ನೋಡಿಕೊಳ್ಳಿ. ಹಳೇ ನಂಬರ್ ಮರೆತುಬಿಡಿ. ಫೋನಿನಲ್ಲಿ ಬಂದ ಮ್ಯಾಪ್ ನೋಡಿ ತೀರ್ಮಾನ ಮಾಡಬೇಡಿ. ವಾರ್ಡ್ ವಿಂಗಡಣೆಯ ಸರ್ಕಾರಿ ಅಧಿಸೂಚನೆಯಲ್ಲಿ ಪ್ರತಿ ವಾರ್ಡ್‌ಗೂ ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮದ ಗಡಿಯನ್ನು ರಸ್ತೆ ಹೆಸರು ಹಿಡಿದು ಬರೆದಿರುತ್ತಾರೆ, ಅದನ್ನು ಓದಿ. ಬೋರ್ ಹೊಡೆಸುತ್ತದೆ, ನಿಜ. ಆದರೂ ಓದಿ.

ಆಮೇಲೆ ಮತದಾರರ ಪಟ್ಟಿ. ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಆದರೆ ಅವರು ಆಧಾರವಾಗಿ ಇಟ್ಟುಕೊಳ್ಳುವುದು ವಿಧಾನಸಭೆಯ ಪಟ್ಟಿಯನ್ನೇ. ಅಲ್ಲಿ ಹೆಸರಿಲ್ಲ ಅಂದರೆ ಇಲ್ಲೂ ಇಲ್ಲ. ವೋಟರ್ ಕಾರ್ಡ್ ಕೈಲಿದೆ ಅಂದ ಮಾತ್ರಕ್ಕೆ ಪಟ್ಟಿಯಲ್ಲಿ ಹೆಸರು ಇರಲೇಬೇಕು ಅಂತೇನಿಲ್ಲ. ಹೊಸಬರು ಫಾರ್ಮ್ 6 ಹಾಕಿ, ಮನೆ ಬದಲಾಯಿಸಿದವರು ಫಾರ್ಮ್ 8. ಬಾಡಿಗೆ ಮನೆಯವರು ಇದನ್ನೇ ಜಾಸ್ತಿ ಮರೆಯುವುದು: ಜಯನಗರದಿಂದ ಯಲಹಂಕಕ್ಕೆ ಬಂದು ನೆಲೆಸಿದ ಮೇಲೂ ಹೆಸರು ಜಯನಗರದಲ್ಲೇ ಇರುತ್ತದೆ. ಆಮೇಲೆ ಯಲಹಂಕದ ಮೋರಿ ಬಗ್ಗೆ ಕೇಳುವ ಹಕ್ಕು ಇದ್ದರೂ ಕೇಳಿಸಿಕೊಳ್ಳುವವರಿಗೆ ನಿಮ್ಮ ವೋಟಿನ ಭಯ ಇರುವುದಿಲ್ಲ.

ಈಗ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ಮತ್ತು ಯಾರೂ ತಲೆಕೆಡಿಸಿಕೊಳ್ಳದ್ದು: ವಾರ್ಡ್ ಗೆರೆ ಎಳೆಯುವ ಹೊತ್ತು. ಮೊದಲು ಕರಡು ಬರುತ್ತದೆ, ಆಕ್ಷೇಪಣೆಗೆ ಸಮಯ ಕೊಡುತ್ತಾರೆ. 2022ರಲ್ಲಿ ಕೊಟ್ಟಿದ್ದು ಬರೀ 15 ದಿನ. ಒಂದು ಲೇಔಟನ್ನು ನಡುವೆ ಸೀಳಿ ಎರಡು ವಾರ್ಡ್‌ಗೆ ಹಾಕಿದರೆ ಎರಡೂ ಕಡೆ ನೀವು ಅಲ್ಪಸಂಖ್ಯಾತರೇ, ಇಬ್ಬರು ಕಾರ್ಪೊರೇಟರ್‌ಗೂ ನೀವು ಬೇಡವಾದ ಕೂಸು. ಆದ್ದರಿಂದ ಕರಡು ಬಂದ ದಿನವೇ ಕೂತು ಬರೆಯಿರಿ. 'ನಮ್ಮ ಭಾವನೆಗೆ ಧಕ್ಕೆಯಾಗಿದೆ' ಅಂತ ಬರೆದರೆ ಕಸದ ಬುಟ್ಟಿಗೆ. ವಾರ್ಡ್ ನಂಬರ್, ಯಾವ ಗಡಿ, ಯಾವ ರಸ್ತೆಯಿಂದ ಯಾವ ರಸ್ತೆಗೆ, ಅದನ್ನು ಎಲ್ಲಿಗೆ ಸರಿಸಬೇಕು, ಸರಿಸಿದರೆ ಎರಡೂ ವಾರ್ಡ್‌ಗಳ ಜನಸಂಖ್ಯೆ ಎಷ್ಟಾಗುತ್ತದೆ, ಇಷ್ಟು ಬರೆಯಿರಿ. ಲೆಕ್ಕಕ್ಕೆ ಹಿಡಿಯುವುದು 2011ರ ಜನಗಣತಿ. ಆಗಿನಿಂದ ನಿಮ್ಮ ಕಡೆ ಎಷ್ಟು ಅಪಾರ್ಟ್‌ಮೆಂಟ್ ಎದ್ದಿವೆ ಅನ್ನುವ ವಾದ ನ್ಯಾಯವಾದದ್ದೇ ಇರಬಹುದು, ಆದರೆ ನಡೆಯುವುದಿಲ್ಲ. ರಾಜಕಾಲುವೆ, ರೈಲ್ವೆ ಹಳಿ, ದೊಡ್ಡ ರಸ್ತೆ ಇವು ಸಹಜ ಗಡಿ ಅಂತ ತೋರಿಸಿದರೆ ವಾದಕ್ಕೆ ಬಲ ಬರುತ್ತದೆ. ಒಂದೇ ಪತ್ರಕ್ಕೆ ಬೇರೆ ಬೇರೆ ಬೀದಿಯವರು ಸಹಿ ಹಾಕಲಿ, ಕೊಟ್ಟ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ.

ಮೀಸಲಾತಿ ಪಟ್ಟಿ ಬೇರೆಯೇ ಬರುತ್ತದೆ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ, ಅದು ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತದೆ. ಹಾಗಾಗಿ 'ನಮ್ಮಣ್ಣ ನಿಲ್ತಾರೆ' ಅಂತ ಒಬ್ಬರನ್ನೇ ನೆಚ್ಚಿ ಗುಂಪು ಕಟ್ಟಬೇಡಿ. 21 ವರ್ಷ ತುಂಬಿದ, ಆ ಊರಿನ ಪಟ್ಟಿಯಲ್ಲಿ ಹೆಸರಿರುವ ನಾಲ್ಕೈದು ಜನ ತಯಾರಿರಲಿ, ಅದರಲ್ಲಿ ಹೆಣ್ಣುಮಕ್ಕಳೂ ಇರಲಿ. ಗಂಡನ ಫೋಟೊ ದೊಡ್ಡದು, ಅಭ್ಯರ್ಥಿಯ ಫೋಟೊ ಚಿಕ್ಕದು, ಆ ಥರ ಅಲ್ಲ ಮತ್ತೆ.

ಗೆದ್ದವರ ಮೇಲೆ ಕಣ್ಣಿಡುವುದಕ್ಕೆ ಇರುವುದು ವಾರ್ಡ್ ಸಮಿತಿ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡದವರೂ ಇದನ್ನು ಓದಿಕೊಳ್ಳಿ. 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ 13ಎಚ್ ಕಲಂ ಪ್ರಕಾರ ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ವಾರ್ಡಿನ 10 ನಿವಾಸಿಗಳು. ಅದರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ಬೆಂಗಳೂರಿಗೆ ಈಗ ಬೇರೆ ಕಾಯ್ದೆ, ಆದರೆ ವಾರ್ಡ್ ಸಮಿತಿ ಅಲ್ಲೂ ಇದೆ. ಸದಸ್ಯರಾಗಲು ಅರ್ಜಿ ಕರೆದಾಗ ಹಾಕಿ. ಇಲ್ಲದಿದ್ದರೆ ಕಾರ್ಪೊರೇಟರ್ ಹಿಂದೆ ಬ್ಯಾನರ್ ಹಿಡಿದು ಓಡಾಡುವವರೇ ಅಲ್ಲಿ ಕೂತಿರುತ್ತಾರೆ, ಅಲ್ವಾ?

ಸಭೆಗೆ ಹೋಗುವಾಗ ಒಂದೇ ವಿಷಯ ಹಿಡಿದುಕೊಂಡು ಹೋಗಿ, ಫೋಟೊ ಸಮೇತ. ಹತ್ತು ದೂರು ಒಟ್ಟಿಗೆ ಹೇಳಿದರೆ ಒಂದೂ ದಾಖಲಾಗುವುದಿಲ್ಲ. ಎಂಜಿನಿಯರ್ 'ನೋಡೋಣ ಸಾರ್' ಅಂದರೆ ಯಾವ ತಾರೀಕಿಗೆ ಅಂತ ಕೇಳಿ, ಅದನ್ನು ನಡಾವಳಿಯಲ್ಲಿ ಬರೆಸಿ. ನಡಾವಳಿಯ ಪ್ರತಿ ಕೊಡದೆ ಸತಾಯಿಸಿದರೆ ಮಾಹಿತಿ ಹಕ್ಕಿನಲ್ಲಿ ಕೇಳಿ: 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನಮ್ಮ ರಾಜ್ಯದ ನಿಯಮ ಹಾಗಿದೆ, ಉದ್ದ ಬರೆದರೆ ಅದೇ ನೆಪ ಹೇಳಿ ವಾಪಸ್ ಕಳಿಸುತ್ತಾರೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ. ಅದಕ್ಕೆ ಶುಲ್ಕ ಇಲ್ಲ.